ಹಡ್ಸನ್ ನದಿಯಾಚೆ ಒಂದು ಸಂಜೆ: ಹೊಬೋಕನ್ನೋ, ಜರ್ಸಿ ಸಿಟಿಯೋ, ವೀಹಾಕನ್ನೋ?

ಎಂಪೈರ್ ಸ್ಟೇಟ್ ಕಟ್ಟಡದ ಬುಡದಲ್ಲಿ ನಿಂತರೆ ಎಂಪೈರ್ ಸ್ಟೇಟ್ ಕಾಣುವುದಿಲ್ಲ. ಕಾಣುವುದು ಒಂದು ಬಾಗಿಲು, ಟಿಕೆಟ್ ಮಾರುವ ಹುಡುಗರು, ಮತ್ತೆ ಜನ. ನಮ್ಮಮ್ಮ ಬಂದಾಗ ನಾನು ಮೂರು ದಿನ ನ್ಯೂಯಾರ್ಕಿನ ಮ್ಯಾನ್‌ಹಟನ್‌ ಒಳಗೇ ಸುತ್ತಿಸಿದೆ. ಕತ್ತು ಎತ್ತಿ ಎತ್ತಿ ಅವರಿಗೆ ಸಾಕಾಗಿತ್ತು. ನಾಲ್ಕನೇ ದಿನ ಸಂಜೆ ನದಿ ದಾಟಿಸಿ ಹೊಬೋಕನ್‌ಗೆ ಕರೆದುಕೊಂಡು ಹೋಗಿ, ಪಿಯರ್ ಎ ಪಾರ್ಕಿನ ಬೆಂಚಿನ ಮೇಲೆ ಕೂರಿಸಿದೆ. ಇಡೀ ಊರು ಎದುರಿಗೆ ಸಾಲಾಗಿ ನಿಂತಿತ್ತು. ಅಮ್ಮ ಐದು ನಿಮಿಷ ಸುಮ್ನೆ ಕೂತು, ಆಮೇಲೆ ಕೇಳಿದರು: "ಇದನ್ನ ಮೊದಲೇ ತೋರಿಸ್ಲಿಕ್ಕೆ ಆಗ್ತಿರ್ಲಿಲ್ವಾ ನಿಂಗೆ?"

ಆಮೇಲೆ ಊರಿಂದ ಯಾರು ಬಂದರೂ ನಾನು ಮೊದಲ ಸಂಜೆಯೇ ನದಿ ದಾಟಿಸುತ್ತೇನೆ. ಆದರೆ ಆಚೆ ದಡದಲ್ಲಿ ಇರುವುದು ಒಂದೇ ಊರಲ್ಲ. ಅಲ್ಲಿಗೆ ಹೋಗಲು ಇರುವುದೂ ಒಂದೇ ದಾರಿಯಲ್ಲ. ಯಾರಿಗೆ ಯಾವುದು ಸರಿ ಅನ್ನುವುದನ್ನು ನನ್ನ ಅನುಭವದಿಂದ ಹೇಳುತ್ತೇನೆ.

ಮೊದಲು ಭೂಗೋಳ. ಮ್ಯಾನ್‌ಹಟನ್‌ನ ಪಶ್ಚಿಮಕ್ಕೆ ಹಡ್ಸನ್ ನದಿ, ನದಿಯಾಚೆ ನ್ಯೂಜೆರ್ಸಿ ರಾಜ್ಯ. ಆ ದಡದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಜರ್ಸಿ ಸಿಟಿ, ಹೊಬೋಕನ್, ವೀಹಾಕನ್ ಒಂದಕ್ಕೊಂದು ಅಂಟಿಕೊಂಡಿವೆ. 2020ರ ಜನಗಣತಿಯಲ್ಲಿ ಜರ್ಸಿ ಸಿಟಿಗೆ ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ ಜನ, ಹೊಬೋಕನ್‌ಗೆ 60,419. ಹೊಬೋಕನ್‌ಗೆ 'ಒಂದು ಚದರ ಮೈಲಿಯ ಊರು' ಅಂತಲೇ ಅಡ್ಡಹೆಸರು. ನಿಜಕ್ಕೂ ಅದಕ್ಕಿಂತ ಚೂರು ದೊಡ್ಡದು, ಅಷ್ಟೇ. ಬೆಳಗ್ಗೆ ಊರಿನ ಅರ್ಧ ಜನ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ನದಿಯಾಚೆ ಕೆಲಸಕ್ಕೆ ಹೋಗುತ್ತಾರೆ, ಸಂಜೆ ವಾಪಸ್ ಬರುತ್ತಾರೆ. ನೀವು ಸರಿಯಾಗಿ ಅದರ ಉಲ್ಟಾ ಮಾಡಬೇಕು.

ಇಲ್ಲಿ ನದಿ ಒಂದು ಕಿಲೋಮೀಟರ್ ಚಿಲ್ಲರೆ ಅಗಲ. ನಡೆದು ದಾಟಲು ಹತ್ತಿರದಲ್ಲಿ ಸೇತುವೆಯೇ ಇಲ್ಲ. ಇರುವ ಒಂದು, 1931ರ ಜಾರ್ಜ್ ವಾಷಿಂಗ್ಟನ್ ಸೇತುವೆ, ಮೇಲೆ 178ನೇ ಬೀದಿಯ ಹತ್ತಿರ. ಮ್ಯಾಪಿನಲ್ಲಿ "ಇಲ್ಲೇ ಪಕ್ಕದಲ್ಲಿದೆ" ಅನ್ನಿಸಿ ನಡೆಯೋಣ ಅಂದುಕೊಳ್ಳುವವರನ್ನು ನೋಡಿದ್ದೇನೆ. ಆಗುವುದಿಲ್ಲ. ನೆಲದಡಿಯ ರೈಲು, ಸುರಂಗದ ಬಸ್ಸು, ಇಲ್ಲವೇ ನೀರಿನ ಮೇಲೆ ದೋಣಿ.

ದಾಟುವುದು ಹೇಗೆ

ರೈಲಿನ ಹೆಸರು ಪಾತ್. ಇದು ನ್ಯೂಯಾರ್ಕ್ ಸಬ್‌ವೇ ಅಲ್ಲ, ಬೇರೆಯದೇ. ಸಬ್‌ವೇಗೆ ಕೊಟ್ಟ ದುಡ್ಡು ಇಲ್ಲಿ ನಡೆಯುವುದಿಲ್ಲ, ಮತ್ತೆ ಕೊಡಬೇಕು. ಒಂದು ಸಲಕ್ಕೆ ಮೂರು ಡಾಲರ್ ಆಸುಪಾಸು. ಗೇಟಿನಲ್ಲಿ ಬ್ಯಾಂಕಿನ ಕಾರ್ಡನ್ನೇ ಮುಟ್ಟಿಸಿದರೆ ಆಯಿತು, ಕ್ಯೂ ನಿಂತು ಟಿಕೆಟ್ ತೆಗೆಯುವ ರಗಳೆ ಇಲ್ಲ. 33ನೇ ಬೀದಿಯಿಂದ ಹೊಬೋಕನ್‌ಗೆ ಕಾಲು ಗಂಟೆ. ವರ್ಲ್ಡ್ ಟ್ರೇಡ್ ಸೆಂಟರ್‌ನಿಂದ ನೇರ ಗಾಡಿ ಇದ್ದಾಗ ಅದಕ್ಕಿಂತ ಕಡಿಮೆ. 1908ರಲ್ಲಿ ಶುರುವಾದ ಸುರಂಗ ಇದು. ಆ ಕಾಲದಲ್ಲಿ ಇಷ್ಟು ದೊಡ್ಡ ನದಿಯ ಕೆಳಗೆ ಕೊರೆದರು ಅಂದರೆ ನಂಬಲು ಕಷ್ಟ. ಆದರೆ ಒಳಗೆ ಕೂತವರಿಗೆ ನೋಡಲು ಏನೂ ಇಲ್ಲ. ಕತ್ತಲು, ತಿರುವಿನಲ್ಲಿ ಕಿರ್ರೆನ್ನುವ ಚಕ್ರ, ಅಷ್ಟೇ.

ಒಂದು ಮಾತು ಮಾತ್ರ ಗಮನದಲ್ಲಿರಲಿ, ಅದರಲ್ಲೂ ಮಂಡಿನೋವಿನವರು ಜೊತೆಗಿದ್ದರೆ. ಮ್ಯಾನ್‌ಹಟನ್‌ ಕಡೆ 33ನೇ ಬೀದಿಯಲ್ಲೂ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲೂ ಲಿಫ್ಟ್ ಇದೆ. ನಡುವಿನ ಕ್ರಿಸ್ಟಫರ್ ಸ್ಟ್ರೀಟ್, 9, 14, 23ನೇ ಬೀದಿಗಳಲ್ಲಿ ಮೆಟ್ಟಿಲೇ ಗತಿ. ಕ್ರಿಸ್ಟಫರ್ ಸ್ಟ್ರೀಟ್‌ನದು ಕಿರಿದಾದ, ತಿರುಗಿ ತಿರುಗಿ ಇಳಿಯುವ ಮೆಟ್ಟಿಲು. ಅಮ್ಮನನ್ನು ಒಂದು ಸಲ ಅಲ್ಲಿಂದ ಇಳಿಸಿ ಎರಡು ದಿನ ಬೈಸಿಕೊಂಡಿದ್ದೇನೆ. ಹೊಬೋಕನ್ ಕಡೆಯಲ್ಲಿ ಲಿಫ್ಟ್ ಇದೆ.

ದೋಣಿ, ಅಂದರೆ ನ್ಯೂಯಾರ್ಕ್ ವಾಟರ್‌ವೇ ಕಂಪನಿಯ ಫೆರಿ, ರೈಲಿನ ಮೂರು ಪಟ್ಟು ದುಡ್ಡು. ಆದರೆ ಪ್ರವಾಸಿಗೆ ಇದು ಸಾರಿಗೆಯ ಖರ್ಚಲ್ಲ, ನೋಟದ ಖರ್ಚು. ಸುತ್ತು ಹೊಡೆಸುವ ಪ್ರವಾಸಿ ಹಡಗಿಗೆ ನಾಲ್ಕು ಪಟ್ಟು ಕೊಡುವವರು ಇದನ್ನು ಮರೆತೇಬಿಡುತ್ತಾರೆ. ಮಂಗಳೂರು ಬಂದರಿನಿಂದ ಬೆಂಗ್ರೆಗೆ ದೋಣಿ ದಾಟಿದವರಿಗೆ ಇದರ ಖುಷಿ ಬೇಗ ಅರ್ಥವಾಗುತ್ತದೆ. ಅದೇ ಡೀಸೆಲ್ ವಾಸನೆ, ದಕ್ಕೆಗೆ ತಾಗುವಾಗ ಅದೇ 'ಧಡ್' ಸದ್ದು, ಅದೇ ಉಪ್ಪುಗಾಳಿ. ಹೌದು, ಹಡ್ಸನ್ ಇಲ್ಲಿ ಸಿಹಿನೀರಿನ ನದಿಯಲ್ಲ, ಅಳಿವೆ. ಸಮುದ್ರದ ಉಬ್ಬರ ಬಂದಾಗ ನೀರು ಮೇಲಕ್ಕೆ ಹರಿಯುತ್ತದೆ, ಇಳಿತದಲ್ಲಿ ಕೆಳಕ್ಕೆ. ಇಲ್ಲಿನ ಮೂಲ ನಿವಾಸಿಗಳು ಇದಕ್ಕೆ ಇಟ್ಟ ಹೆಸರಿನ ಅರ್ಥವೂ 'ಎರಡೂ ಕಡೆ ಹರಿಯುವ ನದಿ' ಅಂತಲೇ.

2009ರ ಜನವರಿ 15ರಂದು ಹಕ್ಕಿಗಳು ಬಡಿದು ಎರಡೂ ಎಂಜಿನ್ ಕೆಟ್ಟ ವಿಮಾನವೊಂದು ಇದೇ ನದಿಯ ಮೇಲೆ ಇಳಿಯಿತಲ್ಲ, ಅದರಲ್ಲಿದ್ದ 155 ಜನರೂ ಬದುಕಿದರಲ್ಲ, ಅವರಲ್ಲಿ ಹೆಚ್ಚಿನವರನ್ನು ಎತ್ತಿಕೊಂಡದ್ದು ಈ ದಿನನಿತ್ಯದ ಫೆರಿಗಳೇ. ಆಫೀಸಿಗೆ ಹೋಗುವವರ ದೋಣಿ ಅಂತ ಸದರ ಮಾಡಬೇಡಿ.

ಹೊಬೋಕನ್‌ಗೆ ದೋಣಿ ತಾಗುವ ಜಾಗ ಎರಡು. ದಕ್ಷಿಣದಲ್ಲಿ ರೈಲು ಟರ್ಮಿನಲ್ ಪಕ್ಕ, ಉತ್ತರದಲ್ಲಿ 14ನೇ ಬೀದಿ. ಮ್ಯಾನ್‌ಹಟನ್‌ನಲ್ಲಿ ನಡುಭಾಗದ, ಅಂದರೆ ಮಿಡ್‌ಟೌನ್‌ನ 39ನೇ ಬೀದಿ ದಕ್ಕೆಯಿಂದಲೂ, ಕೆಳಗೆ ಬ್ರೂಕ್‌ಫೀಲ್ಡ್ ಪ್ಲೇಸ್ ಕಡೆಯಿಂದಲೂ ದೋಣಿ ಸಿಗುತ್ತದೆ. ಶನಿವಾರ, ಭಾನುವಾರ ಓಡಾಟ ಕಡಿಮೆ. ಹೊರಡುವ ಮೊದಲು ಅವತ್ತಿನ ವೇಳಾಪಟ್ಟಿ ನೋಡಿಕೊಳ್ಳಿ.

ಬಸ್ಸಿನ ಬಗ್ಗೆ ಎರಡೇ ಮಾತು. ಪೋರ್ಟ್ ಅಥಾರಿಟಿ ಬಸ್ ನಿಲ್ದಾಣದಿಂದ 126ನೇ ನಂಬರಿನ ಬಸ್ಸು ಲಿಂಕನ್ ಸುರಂಗದ ಮೂಲಕ ಹೊಬೋಕನ್‌ಗೆ ಹೋಗುತ್ತದೆ. ಬೆಳಗ್ಗೆ ಹತ್ತರ ನಂತರ ಪರವಾಗಿಲ್ಲ. ಸಂಜೆ ಐದಕ್ಕೆ ಹತ್ತಿದರೆ ಸುರಂಗದ ಬಾಯಲ್ಲಿ ನಿಂತು ಸಿಲ್ಕ್ ಬೋರ್ಡ್ ನೆನಪಾಗುತ್ತದೆ.

ನನ್ನ ಆಯ್ಕೆ: ಹೋಗುವಾಗ ರೈಲು, ಬರುವಾಗ ದೋಣಿ. ಯಾಕೆ ಉಲ್ಟಾ ಅಲ್ಲ? ಹೋಗುವಾಗ ಮ್ಯಾನ್‌ಹಟನ್‌ ನಿಮ್ಮ ಬೆನ್ನಿಗಿರುತ್ತದೆ. ಬರುವಾಗ ಅದು ಎದುರಿಗೆ ಬರುತ್ತಾ ದೊಡ್ಡದಾಗುತ್ತಾ ಹೋಗುತ್ತದೆ, ದೀಪ ಹತ್ತಿರುತ್ತವೆ. ದೋಣಿಯ ಮೇಲಿನ ತೆರೆದ ಡೆಕ್ಕಿಗೆ ಹೋಗಿ. ಮೇ ತಿಂಗಳಲ್ಲೂ ಸ್ವೆಟರ್ ಇರಲಿ.

ಹೊಬೋಕನ್: ಅರ್ಧ ದಿನಕ್ಕೆ ಹೇಳಿ ಮಾಡಿಸಿದ್ದು

ಮೂರು ಊರುಗಳಲ್ಲಿ ಕಾಲ್ನಡಿಗೆಗೆ ಇದೇ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಸಮತಟ್ಟು ನೆಲ, ಪುಟ್ಟ ಬೀದಿಗಳು, ಟರ್ಮಿನಲ್‌ನಿಂದ 14ನೇ ಬೀದಿಗೆ ಒಂದು ಮೈಲಿ ಆಸುಪಾಸು. ಬೀದಿಯ ಮೂಲೆಗಳಲ್ಲಿ ಕಾರು ನಿಲ್ಲಿಸದಂತೆ ತಡೆ ಹಾಕಿ, ದಾಟುವವರು ಡ್ರೈವರಿಗೆ ಕಾಣುವ ಹಾಗೆ ಮಾಡಿದ್ದಾರೆ. 2017ರ ಜನವರಿಯಿಂದ ಏಳು ವರ್ಷಕ್ಕೂ ಮೇಲೆ ಈ ಊರಿನ ರಸ್ತೆಗಳಲ್ಲಿ ಒಬ್ಬರೂ ಅಪಘಾತದಲ್ಲಿ ಸಾಯಲಿಲ್ಲ. ಬೆಂಗಳೂರಿನಿಂದ ಬಂದವರು ಇದನ್ನು ಕೇಳಿ "ಏನು, ಒಬ್ಬರೂ?" ಅಂತ ಎರಡು ಸಲ ಕೇಳುತ್ತಾರೆ.

ರೈಲಿನಿಂದ ಮೇಲೆ ಬಂದ ತಕ್ಷಣ ಪಾರ್ಕಿಗೆ ಓಡಬೇಡಿ. ಮೊದಲು ಟರ್ಮಿನಲ್‌ನ ಕಾಯುವ ಕೋಣೆಗೆ ಹೋಗಿ. 1907ರ ಕಟ್ಟಡ, ಹೊರಗೆಲ್ಲ ತಾಮ್ರದ ಹೊದಿಕೆ. ತಾಮ್ರ ಹಳತಾಗಿ ಹಸಿರಾಗಿದೆ, ದೇವಸ್ಥಾನದ ಹಳೆ ಕಲಶದ ಹಾಗೆ. ಒಳಗೆ ಎತ್ತರದ ಚಾವಣಿಯಲ್ಲಿ ಟಿಫನಿಯ ಬಣ್ಣದ ಗಾಜು, ಕೆಳಗೆ ಉದ್ದುದ್ದ ಮರದ ಬೆಂಚುಗಳು. ಮಧ್ಯಾಹ್ನ ಮೂರರ ಹೊತ್ತಿಗೆ ಬೆಂಚೊಂದರಲ್ಲಿ ಕೂತು ಮೇಲೆ ನೋಡಿ. ಬೆಳಕು ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಪಕ್ಕದಲ್ಲಿ ಯಾರೋ ರೈಲಿಗೆ ಕಾಯುತ್ತಾ ಚಿಪ್ಸ್ ತಿನ್ನುತ್ತಿರುತ್ತಾರೆ, ಒಮ್ಮೆಯೂ ಮೇಲೆ ನೋಡುವುದಿಲ್ಲ. ಇಲ್ಲಿ ಟಾಯ್ಲೆಟ್ಟೂ ಇದೆ. ದಡದುದ್ದಕ್ಕೂ ಬೇರೆ ಕಡೆ ಅದು ಸುಲಭಕ್ಕೆ ಸಿಗುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ.

ಹೊರಗೆ ಬಂದು ನದಿಯ ದಡ ಹಿಡಿದು ಉತ್ತರಕ್ಕೆ ನಡೆಯಿರಿ. ಮೊದಲು ಪಿಯರ್ ಎ: ಹಿಂದೆ ಹಡಗು ಬಂದು ನಿಲ್ಲುತ್ತಿದ್ದ ದಕ್ಕೆ, ಈಗ ಹುಲ್ಲುಹಾಸು. ಬಲಕ್ಕೆ ದೂರದಲ್ಲಿ ಒನ್ ವರ್ಲ್ಡ್ ಟ್ರೇಡ್ ಸೆಂಟರ್, ಎಡಕ್ಕೆ ಎಂಪೈರ್ ಸ್ಟೇಟ್. ಮುಂದೆ ಪಿಯರ್ ಸಿ, ಅಲ್ಲಿ ಮಕ್ಕಳಿಗೆ ಆಡಲು ಜಾಗ. ಆಮೇಲೆ ಸಿನಾತ್ರಾ ಪಾರ್ಕ್. ಗಾಯಕ ಫ್ರಾಂಕ್ ಸಿನಾತ್ರಾ 1915ರಲ್ಲಿ ಹುಟ್ಟಿದ್ದು ಇದೇ ಊರಿನ ಮನ್ರೋ ಬೀದಿಯಲ್ಲಿ. ಊರವರು ರಸ್ತೆಗೂ ಪಾರ್ಕಿಗೂ ಅವನ ಹೆಸರಿಟ್ಟು ಕೂತಿದ್ದಾರೆ. ಮೇಲೆ ಗುಡ್ಡದ ಮೇಲಿರುವುದು 1870ರಲ್ಲಿ ಶುರುವಾದ ಸ್ಟೀವನ್ಸ್ ಇಂಜಿನಿಯರಿಂಗ್ ಕಾಲೇಜು. ನಮ್ಮ ಕಡೆಯ ಎಷ್ಟೋ ಹುಡುಗರು ಅಲ್ಲಿ ಎಂ.ಎಸ್. ಓದಿದ್ದಾರೆ. ಹತ್ತಲು ದಮ್ಮಿದ್ದರೆ ಅಲ್ಲಿನ ಕ್ಯಾಸಲ್ ಪಾಯಿಂಟ್ ಅಂಚಿನಿಂದ ನೋಟ ಇನ್ನೂ ಅಗಲ.

ಸಮಯದ ಲೆಕ್ಕ ಮುಖ್ಯ. ಈ ದಡ ಪೂರ್ವಕ್ಕೆ ಮುಖ ಮಾಡಿದೆ. ಬೆಳಗ್ಗೆ ಹೋದರೆ ಸೂರ್ಯ ಮ್ಯಾನ್‌ಹಟನ್‌ನ ಹಿಂದೆ, ನಿಮ್ಮ ಕಣ್ಣಿಗೆ. ಫೋಟೋದಲ್ಲಿ ಕಟ್ಟಡಗಳೆಲ್ಲ ಕಪ್ಪು. ಸಂಜೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇಳಿಯುತ್ತಾನೆ, ಅವನ ಬೆಳಕೆಲ್ಲ ಎದುರಿನ ಗಾಜಿನ ಮೇಲೆ ಬೀಳುತ್ತದೆ. ಮೊದಲು ಹಳದಿ, ಆಮೇಲೆ ತಾಮ್ರ, ಆಮೇಲೆ ಒಂದೊಂದೇ ಕಿಟಕಿಯ ದೀಪ. ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮೊದಲು ದಡದಲ್ಲಿರಿ.

ಹೊಟ್ಟೆಪಾಡಿಗೆ ವಾಷಿಂಗ್ಟನ್ ಬೀದಿ. ಇಟಾಲಿಯನ್ನರ ಹಳೆ ಊರು ಇದು. ತಾಜಾ ಮೊಝರೆಲ್ಲಾ ಚೀಸಿಗೆ ಇಲ್ಲಿ 'ಮಟ್ಜ್' ಅನ್ನುತ್ತಾರೆ. ಹಳೆ ಅಂಗಡಿಗಳಲ್ಲಿ ಅವತ್ತೇ ಕೈಯಲ್ಲಿ ಎಳೆದು ಮಾಡಿ, ಉಪ್ಪುನೀರಿನಲ್ಲಿಟ್ಟು ಮಾರುತ್ತಾರೆ. ಮಾಂಸ ತಿನ್ನದವರು ಮಟ್ಜ್ ಮತ್ತು ಸುಟ್ಟ ದಪ್ಪ ಮೆಣಸಿನಕಾಯಿ ಹಾಕಿದ ಬ್ರೆಡ್ ಕೇಳಿ. ಒಬ್ಬರಿಗೆ ಜಾಸ್ತಿಯೇ ಆಗುತ್ತದೆ, ಇಬ್ಬರು ಹಂಚಿಕೊಳ್ಳಿ. ಟಿವಿಯಲ್ಲಿ ಪ್ರಸಿದ್ಧವಾದ ಕಾರ್ಲೋಸ್ ಬೇಕರಿ ಇದೇ ಬೀದಿಯಲ್ಲಿದೆ. ಅಲ್ಲಿ 'ಲಾಬ್‌ಸ್ಟರ್ ಟೇಲ್' ಅನ್ನುವ ತಿಂಡಿಯ ಹೆಸರು ಕೇಳಿ ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಅದರಲ್ಲಿ ಸಿಗಡಿಯೂ ಇಲ್ಲ, ಏಡಿಯೂ ಇಲ್ಲ. ಪದರ ಪದರದ ಹಿಟ್ಟಿನೊಳಗೆ ಕ್ರೀಮು, ಆಕಾರ ಮಾತ್ರ ಬಾಲದ್ದು. ಮೊಟ್ಟೆ ತಿನ್ನದವರು ಮಾತ್ರ ಕೇಳಿಯೇ ತೆಗೆದುಕೊಳ್ಳಿ. ಕ್ಯೂ ಉದ್ದ ಇದ್ದರೆ ಕಾಯಬೇಡಿ, ಬೀದಿಯಲ್ಲಿ ಬೇರೆ ಬೇಕರಿಗಳೂ ಇವೆ.

ಕ್ರಿಕೆಟ್ ಹುಚ್ಚಿನವರಿಗೆ ಒಂದು ಕೊಸರು: 1846ರ ಜೂನ್ 19ರಂದು, ಬರೆದಿಟ್ಟ ನಿಯಮಗಳ ಪ್ರಕಾರ ಎರಡು ತಂಡಗಳು ಬೇಸ್‌ಬಾಲ್ ಆಡಿದ್ದು ಇಲ್ಲಿನ ಎಲಿಸಿಯನ್ ಫೀಲ್ಡ್ಸ್ ಮೈದಾನದಲ್ಲಿ. ಸ್ಕೋರು 23-1. ಮೈದಾನ ಈಗ ಇಲ್ಲ, ಮನೆಗಳಾಗಿವೆ. ವಾಷಿಂಗ್ಟನ್ ಮತ್ತು 11ನೇ ಬೀದಿ ಸೇರುವಲ್ಲಿ ನೆನಪಿನ ಗುರುತಿದೆ. ಅದಕ್ಕೋಸ್ಕರವೇ ಅಷ್ಟು ದೂರ ನಡೆಯುವಂಥದ್ದೇನಲ್ಲ.

ಕೊರತೆಗಳೂ ಇವೆ. ವಾರದ ಕೊನೆಯ ರಾತ್ರಿ ಊರು ಬಾರುಗಳಿಂದ ತುಂಬಿ ಗಲಾಟೆ. ಮಾರ್ಚ್ ತಿಂಗಳ ಐರಿಷ್ ಹಬ್ಬದ ಸುಮಾರಿಗೆ ಬರುವ ಶನಿವಾರವಂತೂ ಮಕ್ಕಳೊಂದಿಗೆ ಕಾಲಿಡಬೇಡಿ. ಉಳಿಯಲು ಹೋಟೆಲುಗಳು ಬೆರಳೆಣಿಕೆ, ಅಗ್ಗದ್ದಲ್ಲ. ಕಾರು ತರಲೇಬೇಡಿ. ಎಷ್ಟೋ ಬೀದಿಗಳಲ್ಲಿ ಒಂದು ಬದಿ ಊರಿನವರಿಗೆ ಮಾತ್ರ. ಬೋರ್ಡು ಓದುವಷ್ಟರಲ್ಲಿ ದಂಡದ ಚೀಟಿ ಬಂದಿರುತ್ತದೆ.

ಜರ್ಸಿ ಸಿಟಿ: ಉಳಿಯಲು, ಉಣ್ಣಲು

ಸಂಜೆಯ ನೋಟಕ್ಕೆ ಹೊಬೋಕನ್ ಅಂದರೆ, ನಾಲ್ಕು ರಾತ್ರಿ ಉಳಿಯಲು ಜರ್ಸಿ ಸಿಟಿ. ಆದರೆ ಇದು ದೊಡ್ಡ ಊರು, ಎಲ್ಲಿ ಅನ್ನುವುದು ಮುಖ್ಯ. ನನ್ನ ಸೋದರಮಾವ ಒಮ್ಮೆ ಊರಿನಿಂದಲೇ ಆನ್‌ಲೈನಿನಲ್ಲಿ ಕೋಣೆ ಬುಕ್ ಮಾಡಿದರು. "ಮ್ಯಾನ್‌ಹಟನ್‌ಗೆ ಹತ್ತೇ ನಿಮಿಷ" ಅಂತ ಬರೆದಿತ್ತು. ಬಂದು ನೋಡಿದರೆ ಹೆದ್ದಾರಿಯ ಪಕ್ಕ, ಸುತ್ತ ಗೋದಾಮು, ಹೊರಗೆ ಕಾಲಿಡಲು ಫುಟ್‌ಪಾತೇ ಇಲ್ಲ. ಹತ್ತು ನಿಮಿಷ ಹೌದು, ರಾತ್ರಿ ಎರಡು ಗಂಟೆಗೆ ಕಾರಿನಲ್ಲಿ ಹೋದರೆ! ಮಾವ ಮೂರು ದಿನ ಟ್ಯಾಕ್ಸಿಗೆ ಸುರಿದ ದುಡ್ಡಿನಲ್ಲಿ ಮ್ಯಾನ್‌ಹಟನ್‌ನಲ್ಲೇ ಉಳಿಯಬಹುದಿತ್ತು.

ಆದ್ದರಿಂದ ಹೋಟೆಲಿನ ಹೆಸರು ನೋಡಬೇಡಿ, ಪಾತ್ ನಿಲ್ದಾಣಕ್ಕೆ ನಡಿಗೆಯ ದೂರ ನೋಡಿ. ಗ್ರೋವ್ ಸ್ಟ್ರೀಟ್, ಎಕ್ಸ್‌ಚೇಂಜ್ ಪ್ಲೇಸ್, ನ್ಯೂಪೋರ್ಟ್, ಈ ಮೂರರಲ್ಲಿ ಯಾವುದರಿಂದಲಾದರೂ ಹತ್ತು ನಿಮಿಷದ ಒಳಗಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಮೂರರಲ್ಲೂ ಲಿಫ್ಟ್ ಇದೆ. ರೈಲು ರಾತ್ರಿಯಿಡೀ ಓಡುತ್ತದೆ, ತಡರಾತ್ರಿ ಅಂತರ ಜಾಸ್ತಿ ಅಷ್ಟೇ. ನ್ಯೂಪೋರ್ಟ್‌ನಲ್ಲಿ ದೊಡ್ಡ ಮಾಲ್ ಇದೆ. ನ್ಯೂಜೆರ್ಸಿಯಲ್ಲಿ ಬಟ್ಟೆಯ ಮೇಲೆ ಮಾರಾಟ ತೆರಿಗೆ ಇಲ್ಲ. ನ್ಯೂಯಾರ್ಕಿನಲ್ಲಿ 110 ಡಾಲರ್ ದಾಟಿದ ಬಟ್ಟೆಗೆ ತೆರಿಗೆ ಬೀಳುತ್ತದೆ. ಚಳಿಯ ಕೋಟು ಕೊಳ್ಳುವುದಿದ್ದರೆ ನದಿಯ ಈ ದಡವೇ ಲಾಭ.

ಇನ್ನು ಊಟ. ಹೊಬೋಕನ್‌ನ ಮಟ್ಜ್ ಬ್ರೆಡ್ಡು ಒಂದು ಹೊತ್ತಿಗೆ ಸರಿ, ಮೂರನೇ ಹೊತ್ತಿಗೆ ಹಿರಿಯರು "ಎಲ್ಲಾದ್ರೂ ಸಾರನ್ನ ಸಿಗ್ತದಾ?" ಅಂತ ಶುರು ಮಾಡುತ್ತಾರೆ. ಆಗ ಜರ್ನಲ್ ಸ್ಕ್ವೇರ್‌ಗೆ ರೈಲು ಹಿಡಿಯಿರಿ. ಗ್ರೋವ್ ಸ್ಟ್ರೀಟ್‌ನಿಂದ ಮುಂದಿನದೇ ನಿಲ್ದಾಣ. ಅಲ್ಲಿಂದ ಹತ್ತು ನಿಮಿಷ ನಡೆದರೆ ನ್ಯೂವರ್ಕ್ ಅವೆನ್ಯೂನ ಇಂಡಿಯಾ ಸ್ಕ್ವೇರ್. ಗುಜರಾತಿ ಮಿಠಾಯಿ, ಚಿನ್ನದಂಗಡಿ, ದಿನಸಿ, ಜೊತೆಗೆ ದಕ್ಷಿಣದ ಹೋಟೆಲುಗಳು. ಕನ್ನಡದ ಬೋರ್ಡು ಹುಡುಕಬೇಡಿ. ಮಸಾಲೆ ದೋಸೆ ಕೇಳಿದರೆ ಒಳಗೆ ಕೆಂಪು ಚಟ್ನಿ ಸವರಿರುತ್ತಾರೆ ಅಂತಲೂ ನಂಬಬೇಡಿ. ಆದರೆ ಫಿಲ್ಟರ್ ಕಾಫಿಯ ಮೊದಲ ಗುಟುಕಿಗೆ ಮಾವನ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ಟೈಮ್ಸ್ ಸ್ಕ್ವೇರಿನಲ್ಲಿ ಆ ಮುಖ ಅರಳಿರಲಿಲ್ಲ.

ಜರ್ಸಿ ಸಿಟಿಯ ಇನ್ನೊಂದು ದೊಡ್ಡ ಲಾಭ ಲಿಬರ್ಟಿ ಸ್ಟೇಟ್ ಪಾರ್ಕ್. ಸ್ವಾತಂತ್ರ್ಯ ದೇವಿಯ ಪ್ರತಿಮೆಗೂ ಎಲ್ಲಿಸ್ ದ್ವೀಪಕ್ಕೂ ದೋಣಿ ಮ್ಯಾನ್‌ಹಟನ್‌ನ ಬ್ಯಾಟರಿ ಪಾರ್ಕಿನಿಂದ ಮಾತ್ರವಲ್ಲ, ಇಲ್ಲಿಂದಲೂ ಹೊರಡುತ್ತದೆ. ಕ್ಯೂ ಸಾಮಾನ್ಯವಾಗಿ ಚಿಕ್ಕದು. ಎದುರಿಗಿರುವ ಹಳೆ ರೈಲು ನಿಲ್ದಾಣವನ್ನು ನೋಡಿಯೇ ಬನ್ನಿ. ಎಲ್ಲಿಸ್ ದ್ವೀಪದಲ್ಲಿ ಪರೀಕ್ಷೆ ಮುಗಿಸಿದ ವಲಸಿಗರು ಗಂಟುಮೂಟೆ ಹೊತ್ತು ಇಲ್ಲಿಂದಲೇ ಒಳನಾಡಿಗೆ ರೈಲು ಹತ್ತುತ್ತಿದ್ದರು. ಈ ದಡದ ಊರುಗಳ ನಡುವೆ ಓಡುವ ಪುಟ್ಟ ರೈಲು, ಅಂದರೆ ಲೈಟ್ ರೈಲಿನ ನಿಲ್ದಾಣದಿಂದ ದಕ್ಕೆಗೆ ಸುಮಾರು ಒಂದೂವರೆ ಕಿಲೋಮೀಟರ್ ನಡಿಗೆ, ಬಿಸಿಲಿನಲ್ಲಿ ನೆರಳು ಕಡಿಮೆ. ವಯಸ್ಸಾದವರಿದ್ದರೆ ಟ್ಯಾಕ್ಸಿ ಮಾಡಿ. ಲೈಟ್ ರೈಲಿನ ಟಿಕೆಟ್ಟನ್ನು ಯಂತ್ರದಲ್ಲಿ ಕೊಂಡ ಮೇಲೆ ಪಕ್ಕದ ಪುಟ್ಟ ಯಂತ್ರದಲ್ಲಿ ಸಮಯದ ಮುದ್ರೆ ಹಾಕಿಸಬೇಕು. ಹಾಕಿಸದಿದ್ದರೆ ಟಿಕೆಟ್ ಇದ್ದೂ ಇಲ್ಲದ ಹಾಗೆ.

ವೀಹಾಕನ್: ಫೋಟೋ ಹುಚ್ಚಿನವರಿಗೆ

ಇದು ಬಂಡೆಯ ಮೇಲಿನ ಊರು. ಬುಲೆವಾರ್ಡ್ ಈಸ್ಟ್ ರಸ್ತೆಯ ಹ್ಯಾಮಿಲ್ಟನ್ ಪಾರ್ಕಿನಿಂದ ಮಿಡ್‌ಟೌನ್ ಪೂರ್ತಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ನೋಟ ಒಂದನ್ನೇ ಅಳೆದರೆ ಹೊಬೋಕನ್‌ಗಿಂತ ಒಂದು ಕೈ ಮೇಲು, ಒಪ್ಪಿಕೊಳ್ಳಬೇಕು. 1804ರ ಜುಲೈ 11ರಂದು ಅಮೆರಿಕದ ಮೊದಲ ಖಜಾನೆ ಮಂತ್ರಿಯಾಗಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮತ್ತು ಆಗಿನ ಉಪಾಧ್ಯಕ್ಷ ಏರನ್ ಬರ್ ಪಿಸ್ತೂಲು ಹಿಡಿದು ಎದುರುಬದುರಾಗಿ ನಿಂತದ್ದು ಈ ಬಂಡೆಯ ಕೆಳಗೆ. ಹ್ಯಾಮಿಲ್ಟನ್ ಮರುದಿನ ತೀರಿಕೊಂಡ. ಪೋರ್ಟ್ ಅಥಾರಿಟಿಯಿಂದ 128ನೇ ನಂಬರಿನ ಬಸ್ಸು ಈ ರಸ್ತೆಯಲ್ಲೇ ಹೋಗುತ್ತದೆ. ಅದು ಬಿಟ್ಟರೆ ಸುತ್ತ ಮನೆಗಳು, ತಿನ್ನಲು ಕಡಿಮೆ, ಕೂತು ಹರಟಲು ಬೀದಿ ಇಲ್ಲ. ಟ್ರೈಪಾಡ್ ಹೊತ್ತು ಒಬ್ಬರೇ ಬಂದವರು ಹೋಗಿ. ಮನೆಯವರನ್ನೆಲ್ಲ ಕಟ್ಟಿಕೊಂಡು ಹೋದರೆ ಅರ್ಧ ಗಂಟೆಗೆ "ಇನ್ನೇನಿದೆ?" ಅಂತಾರೆ.

ಎಡಿಸನ್‌ನಲ್ಲಿ ಮಗಳ ಮನೆ ಇದ್ದರೆ

ನಮ್ಮವರು ಜಾಸ್ತಿ ಬರುವುದು ಹೋಟೆಲಿಗಲ್ಲ, ಮಕ್ಕಳ ಮನೆಗೆ. ಅದೂ ನ್ಯೂಜೆರ್ಸಿಯ ಒಳಗಿರುವ ಎಡಿಸನ್ ಊರಿನ ಸುತ್ತಮುತ್ತ. ಬೃಂದಾವನ ಕನ್ನಡ ಸಂಘದ ಕಾರ್ಯಕ್ರಮಗಳು, ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ಎಲ್ಲ ಆ ಕಡೆಯೇ. "ನ್ಯೂಯಾರ್ಕ್ ಪಕ್ಕದಲ್ಲೇ ಇದ್ದೇವೆ" ಅಂತ ಮಗಳು ಫೋನಿನಲ್ಲಿ ಹೇಳಿರುತ್ತಾಳೆ, ಆದರೆ ರೈಲಿನಲ್ಲಿ ಮುಕ್ಕಾಲು ಗಂಟೆಯ ಮೇಲೆ. ಅಲ್ಲಿಂದ ಹೊರಡುವವರು ನೇರ ಮ್ಯಾನ್‌ಹಟನ್‌ಗೆ ಹೋಗದೆ ನ್ಯೂವರ್ಕ್ ಪೆನ್ ನಿಲ್ದಾಣದಲ್ಲಿ ಇಳಿದು ಪಾತ್ ಹಿಡಿಯಿರಿ. ಮಧ್ಯಾಹ್ನದ ಊಟ ಜರ್ನಲ್ ಸ್ಕ್ವೇರಿನಲ್ಲಿ, ಸಂಜೆ ಹೊಬೋಕನ್‌ನಲ್ಲಿ. ಒಮ್ಮೆ ರೈಲು ಬದಲಿಸಬೇಕಾಗುತ್ತದೆ. ವಾರದ ಕೊನೆಯಲ್ಲೂ ರಾತ್ರಿಯೂ ಪಾತ್‌ನ ದಾರಿಗಳು ಬದಲಾಗುತ್ತವೆ, ಪ್ಲಾಟ್‌ಫಾರ್ಮಿನ ಬೋರ್ಡು ಓದಿಯೇ ಹತ್ತಿ. ನಾನೇ ಒಮ್ಮೆ ಮಾತಿನ ಭರದಲ್ಲಿ ತಪ್ಪು ಗಾಡಿ ಹತ್ತಿ, ಸೂರ್ಯಾಸ್ತದ ಹೊತ್ತಿಗೆ ಸುರಂಗದೊಳಗಿದ್ದೆ.

ಹೊಬೋಕನ್‌ನಿಂದ ದೋಣಿಯಲ್ಲಿ ಮ್ಯಾನ್‌ಹಟನ್‌ಗೆ ದಾಟಿದರೆ, 39ನೇ ಬೀದಿಯ ದಕ್ಕೆಯಿಂದ ಕಂಪನಿಯದೇ ಪುಕ್ಕಟೆ ಬಸ್ಸು ಊರೊಳಗೆ ಬಿಡುತ್ತದೆ. ಫೆರಿ ಟಿಕೆಟ್ಟು ಮೊಬೈಲಿನಲ್ಲಿ ಕೊಂಡಿದ್ದರೆ ಹತ್ತುವ ಹೊತ್ತಿಗೇ ಅದನ್ನು ಚಾಲೂ ಮಾಡಿ, ಮೊದಲೇ ಒತ್ತಿ ಕೂರಬೇಡಿ. ಹತ್ತಿದ ಮೇಲೆ ಮೆಟ್ಟಿಲೇರಿ ಮುಂದಿನ ಸಾಲಿನಲ್ಲಿ ಜಾಗ ಹಿಡಿಯಿರಿ. ಕೆಲಸದವರೆಲ್ಲ ಕೆಳಗೆ ಬೆಚ್ಚಗೆ ಕೂತು ಫೋನು ನೋಡುತ್ತಿರುತ್ತಾರೆ, ಮೇಲೆ ಜಾಗ ಖಾಲಿಯೇ ಇರುತ್ತದೆ.